ಅಶ್ವರಾಜ ಯಾರು?

೧೯೭೩ನೆಯ ಇಸವಿ ಜೂನ್ ೯, ಶನಿವಾರ. ನ್ಯೂಯಾರ್ಕ್ ನಗರದ ಸೆರಗಿಗೆ ಹೊಂದಿಕೊಂಡಿರುವ ಬೆಲ್‌ಮಾಂಟ್ ಪಾರ್ಕಿನ ರೇಸ್ ಮೈದಾನದಲ್ಲಿ ಸುಮಾರು ಎಪ್ಪತ್ತು ಸಾವಿರ ಜನ ಕಿಕ್ಕಿರಿದಿದ್ದರು. ಓಟಕ್ಕೆ ನಿಂತಿದ್ದುವು ಕೇವಲ ಐದು ಕುದುರೆಗಳು. ಓಡಬೇಕಾದ ದೂರ ಒಂದೂವರೆ ಮೈಲಿ. ಅಮೆರಿಕದವರು ‘ಟ್ರಿಪಲ್ ಕ್ರೌನ್’ ಎಂದು ಕರೆಯುವ ಮೂರು ಕಿರೀಟಗಳಲ್ಲಿ ಕೆಂಟಕಿ ಡರ್ಬಿ, ಪ್ರೀಕ್‌ನೆಸ್ ಎಂಬ ಎರಡನ್ನು ಆಗಲೇ ಗೆದ್ದಿದ್ದ ಸೆಕ್ರೆಟೇರಿಯಟ್ ಎಂಬ ಮೂರು ವರ್ಷದ ಗಂಡುಕುದುರೆ ಮೂರನೆಯದಕ್ಕಾಗಿ ಅಂದು ಬಂದಿತ್ತು. ೧೯೪೮ರಲ್ಲಿ ಸೈಟೇಷನ್ ಎಂಬ ಕುದುರೆ ಮೂರನ್ನೂ ಗೆದ್ದ ಮೇಲೆ ಇಪ್ಪತ್ತೈದು ವರ್ಷಗಳ ಕಾಲ ಆ ಭಾಗ್ಯ ಯಾವ ಕುದುರೆಗೂ ಒದಗಿರಲಿಲ್ಲ.

ಬಾಗಿಲು ತೆರೆದೊಡನೆ ಸೆಕ್ರೆಟೇರಿಯಟ್ ಮತ್ತು ಅದರ ಬದ್ಧಸ್ಪರ್ಧಿ ಶಾಮ್ ಕೊರಳಿಗೆ ಕೊರಳು ತಾಗುವಂತೆ ನುಗ್ಗಿದುವು. ಮೊದಲ ಆರು ಫರ್ಲಾಂಗು ಕಳೆದದ್ದು ೧ ನಿಮಿಷ ೧೦ ಸೆಕೆಂಡಿಗೂ ಒಳಗೆ. ಒಂದೂವರೆ ಮೈಲಿಯ ಓಟದಲ್ಲಿ ಆರಂಭಕ್ಕೇ ಈ ವೇಗವೆಂದರೆ ಆತ್ಮಹತ್ಯೆಯೇ ಸರಿ ಎಂದು ಬಲ್ಲವರು ತಲೆಯ ಮೇಲೆ ಕೈ ಹೊತ್ತರು. ಸವಾರ ರಾನ್ ಟರ್ಕಾಟನಿಗೆ ಬುದ್ಧಿ ಕೆಟ್ಟಿದೆಯೆಂದು ಅಂದುಕೊಂಡವರೂ ಉಂಟು. ಅವರ ಲೆಕ್ಕ ಅರ್ಧ ನಿಜವಾಯಿತು. ಶಾಮ್ ಸೋತು ಹಿಂದೆ ಬಿದ್ದಿತು, ಕೊನೆಗೆ ಐದನೆಯದಾಗಿಯೇ ಗುರಿ ಮುಟ್ಟಿತು. ಸೆಕ್ರೆಟೇರಿಯಟ್ ಮಾತ್ರ ಓಡುತ್ತಲೇ ಇತ್ತು. ಅಟ್ಟಿ ಬರುವವರಿಲ್ಲ, ಸವಾರ ಚಾವಟಿ ಎತ್ತಲಿಲ್ಲ, ಆದರೂ ಅಂತರ ಹೆಚ್ಚುತ್ತಲೇ ಹೋಯಿತು. ಎರಡನೆಯ ಕುದುರೆಯನ್ನೂ ಒಂದೇ ಚಿತ್ರದಲ್ಲಿ ತೋರಿಸಲು ಟೆಲಿವಿಷನ್ನಿನವರು ಕ್ಯಾಮರಾವನ್ನು ಹಿಂದೆ ಹಿಂದೆ ಸರಿಸಬೇಕಾಯಿತು. ಗುರಿ ಸಮೀಪಿಸಿದಾಗ ಟರ್ಕಾಟ್ ತಲೆ ಹೊರಳಿಸಿ ಗಡಿಯಾರದ ಕಡೆ ನೋಡಿದ. ಆ ಕ್ಷಣದ ಛಾಯಾಚಿತ್ರ ಇಂದಿಗೂ ಪ್ರಸಿದ್ಧವಾಗಿದೆ. ಕಾಲ ೨ ನಿಮಿಷ ೨೪ ಸೆಕೆಂಡು. ಅದುವರೆಗಿನ ದಾಖಲೆಗಿಂತ ಎರಡೂವರೆ ಸೆಕೆಂಡಿಗೂ ಹೆಚ್ಚು ಕಡಿಮೆ. ಗೆಲುವಿನ ಅಂತರ ೩೧ ಕುದುರೆಯುದ್ದ.

ಕುದುರೆಯುದ್ದವೆಂದರೆ ಮೂಗಿನಿಂದ ಬಾಲದವರೆಗೆ, ಸುಮಾರು ಎಂಟು ಅಡಿ. ಮೂವತ್ತೊಂದು ಉದ್ದವೆಂದರೆ ನಲವತ್ತು ಅಡಿ ಅಗಲದ ಆರು ನಿವೇಶನಗಳನ್ನು ಸಾಲಾಗಿ ಇಟ್ಟಷ್ಟು ದೂರ. ಪಂದ್ಯದಲ್ಲಿ ಸಾಮಾನ್ಯವಾಗಿ ತಲೆಯಷ್ಟು, ಕೊರಳಷ್ಟು, ಹೆಚ್ಚೆಂದರೆ ಎರಡು ಮೂರು ಉದ್ದದಷ್ಟು ಅಂತರದಲ್ಲಿ ಸೋಲುಗೆಲುವು ನಿರ್ಧಾರವಾಗುತ್ತದೆ. ಅಂದು ಸೆಕ್ರೆಟೇರಿಯಟ್ಟಿನ ಮೇಲೆ ಎರಡು ಡಾಲರು ಕಟ್ಟಿದವರಿಗೆ ಬರಬೇಕಾಗಿದ್ದುದು ಎರಡು ಡಾಲರು ಇಪ್ಪತ್ತು ಸೆಂಟು ಮಾತ್ರ. ಗೆದ್ದ ಚೀಟಿಗಳಲ್ಲಿ ೫,೬೧೭ ಚೀಟಿಗಳನ್ನು ಯಾರೂ ನಗದು ಮಾಡಿಕೊಳ್ಳಲೇ ಇಲ್ಲ. ದುಡ್ಡಿಗಿಂತ ಆ ಕಾಗದದ ಚೂರೇ ದೊಡ್ಡದೆಂದು ಜನ ಮನೆಗೆ ಒಯ್ದರು.

‘ಕುದುರೆ ಬಾಲಕ್ಕೆ ಹಣ ಕಟ್ಟುವುದು’ ಎಂಬ ನುಡಿಗಟ್ಟು ಕನ್ನಡದಲ್ಲಿ ಮನೆ ಹಾಳಾಗುವುದಕ್ಕೆ ಪರ್ಯಾಯಪದ. ರೇಸಿನ ದಿನ ಬೆಂಗಳೂರಿನ ರೇಸ್ ಕೋರ್ಸಿನ ಕಡೆಗೆ ಹೊರಟ ಗೃಹಸ್ಥನನ್ನು ಕಂಡು ನೆರೆಹೊರೆ ಪಿಸುಗುಟ್ಟುವುದು ಅಕಾರಣವಲ್ಲ. ಆದರೆ ಜೂಜು ಮನುಷ್ಯನದು, ಓಟ ಕುದುರೆಯದು. ತನ್ನ ಬಾಲಕ್ಕೆ ಯಾರು ಎಷ್ಟು ಕಟ್ಟಿದ್ದಾರೆಂಬುದು ಅದಕ್ಕೆ ತಿಳಿಯದು. ಆ ೫,೬೧೭ ಚೀಟಿಗಳ ಒಡೆಯರು ಒಂದು ಸಂಜೆಯ ಮಟ್ಟಿಗಾದರೂ ಜೂಜನ್ನು ಮರೆತು ಕುದುರೆಯನ್ನೇ ನೋಡಿದರೆಂದು ಹೇಳಬೇಕು.

ಕಳೆದ ಐವತ್ತು ಅರವತ್ತು ವರ್ಷಗಳಲ್ಲಿ ಓಡಿದ ಥರೋಬ್ರೆಡ್ ಕುದುರೆಗಳಲ್ಲಿ ಸರ್ವಶ್ರೇಷ್ಠವಾದುದು ಯಾವುದು? ಈ ಪ್ರಶ್ನೆಯನ್ನು ಅಮೆರಿಕದಲ್ಲಿ ಕೇಳಿದರೆ ಒಂದು ಉತ್ತರ, ಇಂಗ್ಲೆಂಡಿನಲ್ಲಿ ಇನ್ನೊಂದು, ಆಸ್ಟ್ರೇಲಿಯದಲ್ಲಿ ಮತ್ತೊಂದು ಬರುತ್ತದೆ. ಅಮೆರಿಕದ ದೊಡ್ಡ ಪಂದ್ಯಗಳು ಮಟ್ಟಸವಾದ ಮಣ್ಣಿನ ಹಾದಿಯ ಮೇಲೆ ಎಡಕ್ಕೆ ತಿರುಗುತ್ತ ನಡೆಯುತ್ತವೆ. ಅಲ್ಲಿ ಗಡಿಯಾರವೇ ದೇವರು. ಇಂಗ್ಲೆಂಡಿನಲ್ಲಿ ಹುಲ್ಲಿನ ನೆಲ, ಏರು ತಗ್ಗು, ಮಳೆ ಬಿದ್ದರೆ ಕೆಸರು. ಅಲ್ಲಿ ಕಾಲಮಾನಕ್ಕೆ ಅಷ್ಟು ಬೆಲೆಯಿಲ್ಲ, ಯಾರನ್ನು ಎಷ್ಟು ಅಂತರದಿಂದ ಸೋಲಿಸಿತೆಂಬುದೇ ಮುಖ್ಯ. ಪಂಪ ದೊಡ್ಡವನೋ ಕುಮಾರವ್ಯಾಸ ದೊಡ್ಡವನೋ ಎಂದು ಜಗಳವಾಡುವವರು ಒಬ್ಬನದು ಚಂಪು, ಇನ್ನೊಬ್ಬನದು ಷಟ್ಪದಿ ಎಂಬುದನ್ನು ಮರೆಯುವಂತೆ ಇಲ್ಲಿಯೂ ಆಗುತ್ತದೆ. ಆದರೂ ಜಗಳ ನಿಲ್ಲುವುದಿಲ್ಲ. ನಿಲ್ಲಬೇಕೆಂಬ ಆಸೆ ಯಾರಿಗೂ ಇರುವಂತೆ ತೋರುವುದಿಲ್ಲ.

ಇಂಗ್ಲೆಂಡಿನವರ ಉತ್ತರ ಫ್ರಾಂಕೆಲ್. ೨೦೦೮ರ ಫೆಬ್ರವರಿ ೧೧ರಂದು ಹುಟ್ಟಿದ ಕಂದುಬಣ್ಣದ ಕುದುರೆ. ಹಣೆಯಲ್ಲಿ ಬಿಳಿಯ ಚುಕ್ಕೆ, ನಾಲ್ಕು ಕಾಲುಗಳಲ್ಲೂ ಬಿಳುಪು. ಕನ್ನಡದ ಹಳೆಯ ಅಶ್ವಪರೀಕ್ಷಕರು ಕಂಡಿದ್ದರೆ ‘ಪಂಚಕಲ್ಯಾಣಿ’ ಎಂದು ಕೈಮುಗಿದು ಅರಮನೆಯ ಲಾಯಕ್ಕೆ ಆರಿಸುತ್ತಿದ್ದರು. ಸೆಕ್ರೆಟೇರಿಯಟ್ಟಿಗೆ ಬಿಳಿಗಾಲು ಮೂರೇ. ಶಾಸ್ತ್ರದ ಪ್ರಕಾರ ಒಂದು ಕಲ್ಯಾಣ ಕಡಿಮೆ! ಅಭಿನವಚಂದ್ರನ ‘ಅಶ್ವವೈದ್ಯ’ದಂಥ ಗ್ರಂಥ ಹುಟ್ಟಿದ ನಾಡಿನವರಿಗೆ ಈ ಲಕ್ಷಣದ ಲೆಕ್ಕ ವಿನೋದವಾಗಿಯಾದರೂ ರುಚಿಸಬೇಕು.

ಫ್ರಾಂಕೆಲ್ ಹದಿನಾಲ್ಕು ಪಂದ್ಯಗಳಲ್ಲಿ ಓಡಿತು, ಹದಿನಾಲ್ಕನ್ನೂ ಗೆದ್ದಿತು. ಒಡೆಯ ಸೌದಿ ಅರೇಬಿಯದ ರಾಜಕುಮಾರ ಖಾಲಿದ್ ಅಬ್ದುಲ್ಲಾ. ೨೦೦೯ರಲ್ಲಿ ತೀರಿಕೊಂಡ ಬಾಬಿ ಫ್ರಾಂಕೆಲ್ ಎಂಬ ಅಮೆರಿಕನ್ ತರಬೇತುಗಾರನ ನೆನಪಿಗೆ ಆತನು ಈ ಹೆಸರಿಟ್ಟನು. ಅದನ್ನು ಪಳಗಿಸಲು ಒಪ್ಪಿಸಿದುದು ನ್ಯೂಮಾರ್ಕೆಟ್ಟಿನ ಹೆನ್ರಿ ಸೆಸಿಲನಿಗೆ. ಈ ಮನುಷ್ಯನ ಕಥೆಯನ್ನು ಬಿಟ್ಟು ಫ್ರಾಂಕೆಲ್ಲಿನ ಕಥೆ ಹೇಳಲಾಗದು. ಹತ್ತು ಸಲ ಇಂಗ್ಲೆಂಡಿನ ಅಗ್ರ ತರಬೇತುಗಾರನೆನಿಸಿದ್ದ ಸೆಸಿಲ್ ಅನಂತರ ಕುಸಿದಿದ್ದನು. ೨೦೦೦ದಲ್ಲಿ ಅವಳಿ ಸೋದರ ಕ್ಯಾನ್ಸರಿಗೆ ತುತ್ತಾದ. ಹಿಂದೊಮ್ಮೆ ವರ್ಷಕ್ಕೆ ನೂರರ ಮೇಲೆ ಗೆಲ್ಲುತ್ತಿದ್ದ ಲಾಯದಲ್ಲಿ ೨೦೦೫ರಲ್ಲಿ ಗೆದ್ದುದು ಹನ್ನೆರಡು ಪಂದ್ಯ ಮಾತ್ರ. ಅದರ ಮರುವರ್ಷ ಅವನಿಗೇ ಕ್ಯಾನ್ಸರ್ ಎಂದು ಗೊತ್ತಾಯಿತು. ಅವನ ಕಾಲ ಮುಗಿಯಿತೆಂದು ಬಹುಮಂದಿ ಒಡೆಯರು ಕುದುರೆಗಳನ್ನು ಬೇರೆಡೆಗೆ ಸಾಗಿಸಿದ್ದರು. ಅಬ್ದುಲ್ಲಾ ಮಾತ್ರ ಕೈಬಿಡಲಿಲ್ಲ. ಬಿಡದೆ ಇದ್ದುದಕ್ಕೆ ಫಲವಾಗಿ ಈ ಮರಿ ಸೆಸಿಲನ ಅಂಗಳಕ್ಕೆ ಬಂದಿತು.

ಬಂದಾಗ ಅದು ಸೌಮ್ಯ ಪ್ರಾಣಿಯಾಗಿರಲಿಲ್ಲ. ಲಗಾಮು ಹಿಡಿದರೆ ಎಳೆದುಕೊಂಡು ಹೋಗುವ ಸ್ವಭಾವ. ಒಂದು ಮೈಲಿಯ ಶಕ್ತಿಯನ್ನು ಮೊದಲ ಎರಡು ಫರ್ಲಾಂಗಿನಲ್ಲೇ ಸುಟ್ಟುಬಿಡುವ ಕುದುರೆಗಳು ಎಷ್ಟೋ ಹಾಳಾಗಿಹೋಗಿವೆ. ದಿನದಿನದ ಓಟದಲ್ಲಿ ಕುಳಿತು ಅದನ್ನು ತಾಳ್ಮೆಯಿಂದ ಸಮಾಧಾನಪಡಿಸಿದ ಸವಾರನ ಪಾತ್ರ ಪಂದ್ಯದ ಜಾಕಿ ಟಾಮ್ ಕ್ವೀಲಿಯ ಪಾತ್ರಕ್ಕಿಂತ ಕಡಿಮೆಯದಲ್ಲ. ಮೈ ಉಜ್ಜಿ, ಮೇವಿಟ್ಟು, ಪಂದ್ಯದ ದಿನ ಕೈಹಿಡಿದು ನಡೆಸುತ್ತಿದ್ದ ಕಾಸ್ತಾರ ಭಾರತದಿಂದ ಹೋಗಿ ನ್ಯೂಮಾರ್ಕೆಟ್ಟಿನ ಲಾಯ ಸೇರಿದ್ದ ಒಬ್ಬ ತರುಣ ಎಂಬುದು ನಮ್ಮಲ್ಲಿ ಹೆಚ್ಚು ಜನರಿಗೆ ತಿಳಿಯದು. ವಿಜಯದ ಚಿತ್ರಗಳಲ್ಲಿ ಕುದುರೆಯ ಮುಖದ ಪಕ್ಕದಲ್ಲಿ ಕಾಣುವ ಮುಖ ಅವನದೇ.

೨೦೧೧ರ ಏಪ್ರಿಲ್ ೩೦ರಂದು ನ್ಯೂಮಾರ್ಕೆಟ್ಟಿನಲ್ಲಿ ನಡೆದ ‘ಎರಡು ಸಾವಿರ ಗಿನಿ’ ಪಂದ್ಯದಲ್ಲಿ ಫ್ರಾಂಕೆಲ್ ಬಾಗಿಲಿನಿಂದಲೇ ಮುಂದೆ ನುಗ್ಗಿ, ಅರ್ಧ ದಾರಿಯಲ್ಲಿ ಹತ್ತು ಉದ್ದಕ್ಕೂ ಮೀರಿ ಮುಂದಿತ್ತು. ಉಳಿದ ಕುದುರೆಗಳು ಬೇರೊಂದು ಪಂದ್ಯದಲ್ಲಿ ಓಡುತ್ತಿರುವಂತೆ ಕಂಡುವು. ೨೦೧೨ರ ಜೂನ್‌ನಲ್ಲಿ ಆಸ್ಕಟ್ಟಿನ ಕ್ವೀನ್ ಆನ್ ಪಂದ್ಯವನ್ನು ೧೧ ಉದ್ದದಿಂದ ಗೆದ್ದಿತು. ಆ ವೇಳೆಗೆ ಅದಕ್ಕೆ ಓಟದ ಗತಿ ಹಾಕಿಕೊಡಲು ಬುಲೆಟ್ ಟ್ರೇನ್ ಎಂಬ ಇನ್ನೊಂದು ಕುದುರೆಯನ್ನು ಮುಂದೆ ಬಿಡುತ್ತಿದ್ದರು. ಅದು ಒಂದೇ ತಾಯಿಯ ಹಿರಿಯ ಮರಿ. ರಾಮಾಯಣದಲ್ಲಿ ತಮ್ಮ ಅಣ್ಣನ ಸೇವೆಗೆ ನಿಂತ. ಇಲ್ಲಿ ಅಣ್ಣನೇ ತಮ್ಮನಿಗಾಗಿ ದಾರಿ ಮಾಡಿ ಹಿಂದೆ ಸರಿಯುತ್ತಿದ್ದ.

೨೦೧೨ರ ಆಗಸ್ಟ್‌ನಲ್ಲಿ ಯಾರ್ಕ್ ಪಟ್ಟಣದ ಪಂದ್ಯ. ಅದುವರೆಗೆ ಒಂದು ಮೈಲಿಗಿಂತ ಹೆಚ್ಚು ದೂರ ಓಡದಿದ್ದ ಫ್ರಾಂಕೆಲ್ ಅಂದು ಮೊದಲ ಬಾರಿಗೆ ಹತ್ತೂವರೆ ಫರ್ಲಾಂಗನ್ನು ಎದುರಿಸಿತು. ಏಳು ಉದ್ದದಿಂದ ಗೆದ್ದಿತು. ಕ್ಯಾನ್ಸರಿನ ಚಿಕಿತ್ಸೆಯಿಂದ ಕೃಶನಾಗಿ, ದನಿ ಪಿಸುಮಾತಿಗೆ ಇಳಿದಿದ್ದ ಸೆಸಿಲ್ ಊರುಗೋಲನ್ನು ಹಿಡಿದಾದರೂ ನೋಡಲೇಬೇಕೆಂದು ಅಲ್ಲಿಗೆ ಬಂದಿದ್ದನು. ನೆರೆದ ಜನ ಜಯಘೋಷ ಮಾಡಿದುದು ಕುದುರೆಗೋ ಮನುಷ್ಯನಿಗೋ ಹೇಳುವುದು ಕಷ್ಟ. ಅದೇ ಅಕ್ಟೋಬರ್ ೨೦ರಂದು ಆಸ್ಕಟ್ಟಿನ ಕೆಸರುನೆಲದಲ್ಲಿ, ಬಾಗಿಲಿನಲ್ಲೇ ತಡಮಾಡಿ ಹೊರಟರೂ, ತನ್ನ ಹದಿನಾಲ್ಕನೆಯ ಮತ್ತು ಕೊನೆಯ ಪಂದ್ಯವನ್ನು ಅದು ಗೆದ್ದಿತು. ಎಂಟು ತಿಂಗಳೊಳಗೆ, ೨೦೧೩ರ ಜೂನ್ ೧೧ರಂದು, ಸೆಸಿಲ್ ತೀರಿಕೊಂಡನು.

ಫ್ರಾಂಕೆಲ್ಲನ್ನು ಒಪ್ಪದವರ ವಾದವೂ ಹುರುಳಿಲ್ಲದುದಲ್ಲ. ಅದು ಇಂಗ್ಲೆಂಡನ್ನು ಬಿಟ್ಟು ಹೊರಗೆ ಕಾಲಿಡಲಿಲ್ಲ. ಎಪ್ಸಮ್ಮಿನ ಡರ್ಬಿಯ ಹನ್ನೆರಡು ಫರ್ಲಾಂಗನ್ನು ಓಡಲಿಲ್ಲ. ಯುರೋಪಿನ ಕುದುರೆಗಳಿಗೆಲ್ಲ ಅಂತಿಮ ಪರೀಕ್ಷೆಯೆನಿಸಿದ ಪ್ಯಾರಿಸ್ಸಿನ ‘ಆರ್ಕ್’ ಪಂದ್ಯಕ್ಕೆ ಹೋಗಲಿಲ್ಲ. ಎಕ್ಸೆಲೆಬ್ರೇಷನ್ ಎಂಬ ಒಂದೇ ಕುದುರೆಯನ್ನು ಐದು ಸಲ ಸೋಲಿಸಿ ಹೆಸರು ಗಳಿಸಿತೆಂದು ಮೂದಲಿಸುವವರೂ ಇದ್ದಾರೆ. ಆದರೆ ಈ ಕೊನೆಯ ಮೂದಲಿಕೆ ತಿರುಗಿ ಹೊಡೆಯುತ್ತದೆ. ಫ್ರಾಂಕೆಲ್ ಇಲ್ಲದ ಕಡೆ ಎಕ್ಸೆಲೆಬ್ರೇಷನ್ ಫ್ರಾನ್ಸಿನಲ್ಲಿಯೂ ಇಂಗ್ಲೆಂಡಿನಲ್ಲಿಯೂ ಅತ್ಯುನ್ನತ ದರ್ಜೆಯ ಪಂದ್ಯಗಳನ್ನು ಗೆದ್ದಿತು. ಅಂಥ ಕುದುರೆಯನ್ನು ಹನ್ನೊಂದು ಉದ್ದ ಹಿಂದೆ ಬಿಡುವುದೆಂದರೆ ಸಾಮಾನ್ಯದ ಮಾತಲ್ಲ. ಸೋತವನ ಯೋಗ್ಯತೆಯೇ ಗೆದ್ದವನ ಅಳತೆಗೋಲು.

ಇನ್ನು ಅಂಕಗಳ ಜಗಳ. ಕುದುರೆಗಳ ಯೋಗ್ಯತೆಯನ್ನು ಪೌಂಡುಗಳಲ್ಲಿ ಅಳೆಯುವ ಪಂಡಿತರಿದ್ದಾರೆ. ಎರಡು ಕುದುರೆಗಳು ಸರಿಸಮನಾಗಿ ಗುರಿ ಮುಟ್ಟಬೇಕಾದರೆ ಬಲವಾದುದರ ಬೆನ್ನಿಗೆ ಎಷ್ಟು ಹೆಚ್ಚು ತೂಕ ಹೊರಿಸಬೇಕೆಂಬುದೇ ಅವರ ಗಣಿತ. ‘ಟೈಮ್‌ಫಾರ್ಮ್’ ಎಂಬ ಇಂಗ್ಲೆಂಡಿನ ಸಂಸ್ಥೆ ೧೯೬೫ರ ಸೀ ಬರ್ಡ್ ಎಂಬ ಫ್ರೆಂಚ್ ಕುದುರೆಗೆ ೧೪೫ ಅಂಕ ಕೊಟ್ಟಿತ್ತು. ಫ್ರಾಂಕೆಲ್ಲಿಗೆ ೧೪೭ ಕೊಟ್ಟಿತು. ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಮಾತ್ರ ಒಂದು ತೊಡಕಿತ್ತು. ಅಲ್ಲಿ ಫ್ರಾಂಕೆಲ್ಲಿಗೆ ೧೪೦. ಆದರೆ ೧೯೮೬ರ ಡಾನ್ಸಿಂಗ್ ಬ್ರೇವ್ ಎಂಬ ಕುದುರೆಗೆ ಅಂದೇ ೧೪೧ ಕೊಟ್ಟಿದ್ದರು. ೨೦೧೩ರ ಜನವರಿಯಲ್ಲಿ ಪಂಡಿತರು ಒಂದು ಪರಿಹಾರ ಕಂಡುಕೊಂಡರು. ೧೯೭೭ರಿಂದ ೧೯೯೧ರವರೆಗಿನ ಅಂಕಗಳನ್ನೆಲ್ಲ ಹಿಂದಿನವರು ಉದಾರವಾಗಿ ಕೊಟ್ಟಿದ್ದರೆಂದು ಹೇಳಿ ಇಳಿಸಿದರು. ಡಾನ್ಸಿಂಗ್ ಬ್ರೇವ್ ೧೩೮ಕ್ಕೆ ಇಳಿಯಿತು. ಫ್ರಾಂಕೆಲ್ ಮೊದಲ ಸ್ಥಾನಕ್ಕೇರಿತು. ಪರೀಕ್ಷೆ ಮುಗಿದು ಇಪ್ಪತ್ತಾರು ವರ್ಷಗಳಾದ ಮೇಲೆ ಉತ್ತರಪತ್ರಿಕೆಯನ್ನು ಮತ್ತೆ ತಿದ್ದಿ ಅಂಕ ಕಳೆದರೆ ಯಾವ ವಿದ್ಯಾರ್ಥಿ ಸುಮ್ಮನಿದ್ದಾನು? ಕುದುರೆ ಸುಮ್ಮನಿತ್ತು, ಅದು ೧೯೯೯ರಲ್ಲೇ ಜಪಾನಿನಲ್ಲಿ ಸತ್ತಿತ್ತು. ಅದರ ಅಭಿಮಾನಿಗಳು ಮಾತ್ರ ಇಂದಿಗೂ ಸುಮ್ಮನಾಗಿಲ್ಲ. ಸ್ವಾರಸ್ಯವೆಂದರೆ ಡಾನ್ಸಿಂಗ್ ಬ್ರೇವ್ ಕೂಡ ಖಾಲಿದ್ ಅಬ್ದುಲ್ಲಾನ ಕುದುರೆಯೇ. ಮಗಳ ಪಾಲನ್ನು ಕಡಿಮೆ ಮಾಡಿ ಮಗನಿಗೆ ಕೊಟ್ಟಂತಾಯಿತು. ಮನೆಯ ಆಸ್ತಿ ಮನೆಯಲ್ಲೇ ಉಳಿಯಿತು.

ಪಂಡಿತರ ಪರವಾಗಿಯೂ ಒಂದು ಮಾತು ಹೇಳಬೇಕು. ೧೯೮೬ರ ಎಪ್ಸಮ್ ಡರ್ಬಿಯಲ್ಲಿ ಡಾನ್ಸಿಂಗ್ ಬ್ರೇವ್ ಬಹಳ ಹಿಂದೆ ಉಳಿದು, ಕೊನೆಗೆ ಬಿರುಗಾಳಿಯಂತೆ ಬಂದರೂ ಅರ್ಧ ಉದ್ದದಿಂದ ಸೋತಿತು. ಅದೇ ಅಕ್ಟೋಬರಿನಲ್ಲಿ ಪ್ಯಾರಿಸ್ಸಿನ ಆರ್ಕ್ ಪಂದ್ಯದಲ್ಲಿ ಪ್ಯಾಟ್ ಎಡರಿ ಅದನ್ನು ಕೊನೆಯ ಗಳಿಗೆಯವರೆಗೆ ಹಿಡಿದಿಟ್ಟು, ಹೊರಬದಿಯಿಂದ ಬಿಟ್ಟು, ಅತ್ಯಂತ ಬಲಿಷ್ಠ ಗುಂಪೊಂದನ್ನು ಹಿಂದಿಕ್ಕಿದನು. ಆ ಒಂದು ಓಟವನ್ನು ನೋಡಿದವರಿಗೆ ೧೪೧ ಕೂಡ ಕಡಿಮೆಯೆನಿಸಿದ್ದರೆ ಆಶ್ಚರ್ಯವಿಲ್ಲ. ಕಣ್ಣು ಕಂಡುದಕ್ಕೂ ಲೆಕ್ಕದ ಪುಸ್ತಕಕ್ಕೂ ಹೊಂದಿಕೆಯಾಗದಿರುವುದೇ ಈ ವಾದಗಳ ಮೂಲ.

ಗಡಿಯಾರವಾದರೂ ನಿಷ್ಪಕ್ಷಪಾತವೆಂದು ನಂಬಿದವರಿಗೆ ೧೯೭೩ರ ಪ್ರೀಕ್‌ನೆಸ್ ಉತ್ತರ ಹೇಳುತ್ತದೆ. ಎಲ್ಲಕ್ಕಿಂತ ಹಿಂದೆ ಹೊರಟ ಸೆಕ್ರೆಟೇರಿಯಟ್ ಮೊದಲ ತಿರುವಿನಲ್ಲೇ ಎಲ್ಲವನ್ನೂ ದಾಟಿ ಮುಂದೆ ಬಂದು ಗೆದ್ದಿತು. ಮೈದಾನದ ವಿದ್ಯುತ್ ಗಡಿಯಾರ ೧ ನಿಮಿಷ ೫೫ ಸೆಕೆಂಡು ಎಂದಿತು. ಕೈಗಡಿಯಾರ ಹಿಡಿದ ಅನುಭವಿಗಳು ಅದು ತಪ್ಪು, ಒಂದೂವರೆ ಸೆಕೆಂಡು ಕಡಿಮೆ ಎಂದರು. ಅಧಿಕಾರಿಗಳು ನಡುವಿನ ಒಂದು ಅಂಕಿಯನ್ನು ಒಪ್ಪಿಕೊಂಡು ಕೈತೊಳೆದುಕೊಂಡರು. ಒಡತಿ ಪೆನಿ ಚೆನರಿ ಬಿಡಲಿಲ್ಲ. ಮೂವತ್ತೊಂಬತ್ತು ವರ್ಷಗಳ ಮೇಲೆ, ೨೦೧೨ರ ಜೂನ್‌ನಲ್ಲಿ, ಮೇರಿಲೆಂಡಿನ ರೇಸಿಂಗ್ ಮಂಡಲಿ ಹಳೆಯ ಚಲನಚಿತ್ರಗಳನ್ನು ಪರೀಕ್ಷಿಸಿ ೧ ನಿಮಿಷ ೫೩ ಸೆಕೆಂಡು ಎಂದು ತಿದ್ದಿತು. ಹೀಗೆ ಮೂರು ಪಂದ್ಯಗಳ ದಾಖಲೆಯೂ ಒಂದೇ ಕುದುರೆಯ ಹೆಸರಿಗೆ ಬಂದಿತು. ಡರ್ಬಿಯ ೧ ನಿಮಿಷ ೫೯ ೨/೫ ಸೆಕೆಂಡು, ಬೆಲ್‌ಮಾಂಟಿನ ೨ ನಿಮಿಷ ೨೪ ಸೆಕೆಂಡು ಅರ್ಧ ಶತಮಾನ ಕಳೆದರೂ ಮುರಿದಿಲ್ಲ. ಡರ್ಬಿಯ ಒಂದೂಕಾಲು ಮೈಲಿಯಲ್ಲಿ ಪ್ರತಿ ಎರಡು ಫರ್ಲಾಂಗನ್ನೂ ಹಿಂದಿನದಕ್ಕಿಂತ ಬೇಗ ಓಡಿತೆಂಬುದು ಎಲ್ಲಕ್ಕಿಂತ ವಿಚಿತ್ರ. ದಣಿಯುತ್ತ ಹೋಗುವುದು ಪ್ರಾಣಿಧರ್ಮ. ಇದು ದಣಿಯುವ ಬದಲು ಚಿಗುರುತ್ತ ಹೋಯಿತು.

ಈ ಕುದುರೆ ಚೆನರಿಯ ಪಾಲಿಗೆ ಬಂದುದೂ ಒಂದು ಸೋಲಿನಿಂದ. ತಂದೆಕುದುರೆ ಬೋಲ್ಡ್ ರೂಲರ್ ಫಿಪ್ಸ್ ಮನೆತನದ್ದು. ಹುಟ್ಟಿದ ಮರಿಗಳಲ್ಲಿ ಯಾರು ಮೊದಲು ಆರಿಸಬೇಕೆಂಬುದನ್ನು ನಾಣ್ಯ ಚಿಮ್ಮಿ ತೀರ್ಮಾನಿಸುವ ಒಪ್ಪಂದವಿತ್ತು. ೧೯೬೯ರಲ್ಲಿ ಫಿಪ್ಸ್ ಗೆದ್ದು, ಆಗಲೇ ಹುಟ್ಟಿದ್ದ ಹೆಣ್ಣುಮರಿಯನ್ನು ಆರಿಸಿಕೊಂಡನು. ಅದು ಒಂದು ಪಂದ್ಯವನ್ನೂ ಗೆಲ್ಲಲಿಲ್ಲ. ಸೋತ ಚೆನರಿಯ ಭಾಗಕ್ಕೆ ಬಂದವುಗಳಲ್ಲಿ ಅದೇ ತಾಯಿಯ ಹೊಟ್ಟೆಯಲ್ಲಿ ಇನ್ನೂ ಕಣ್ಣು ತೆರೆಯದ ಮರಿಯೂ ಒಂದು. ೧೯೭೦ರ ಮಾರ್ಚ್ ೩೦ರಂದು ಅದು ಹುಟ್ಟಿತು. ಅವಳ ತಂದೆ ಕಾಯಿಲೆಯಿಂದ ಆಸ್ಪತ್ರೆ ಸೇರಿ, ಕುದುರೆಸಾಕಣೆಯ ತೋಟ ಮಾರಾಟದ ಅಂಚಿನಲ್ಲಿದ್ದ ಕಾಲವದು. ೧೯೭೩ರ ಜನವರಿಯಲ್ಲಿ ತಂದೆ ಕಣ್ಮುಚ್ಚಿದ ಮೇಲೆ ತೆರಿಗೆ ಕಟ್ಟಲು ಹಣವಿಲ್ಲದೆ, ಇನ್ನೂ ಡರ್ಬಿಯನ್ನೇ ಓಡದ ಕುದುರೆಯ ಭವಿಷ್ಯದ ಸಂತಾನದ ಹಕ್ಕನ್ನು ಪಾಲುಪಾಲಾಗಿ ೬೦ ಲಕ್ಷ ಡಾಲರಿಗೂ ಮೀರಿದ ಬೆಲೆಗೆ ಮಾರಿದಳು. ವರ್ಷದ ಕೊನೆಗೆ ಓಟ ನಿಲ್ಲಿಸಬೇಕೆಂಬುದು ಷರತ್ತು. ಆದುದರಿಂದ ಸೆಕ್ರೆಟೇರಿಯಟ್ ನಾಲ್ಕನೆಯ ವಯಸ್ಸಿನಲ್ಲಿ, ಪೂರ್ಣ ಬಲ ಕೂಡಿದಾಗ, ಹೇಗೆ ಓಡುತ್ತಿತ್ತೆಂಬುದನ್ನು ಜಗತ್ತು ಕಾಣಲೇ ಇಲ್ಲ.

ಅದಕ್ಕೂ ಕಳಂಕವಿಲ್ಲದಿಲ್ಲ. ಇಪ್ಪತ್ತೊಂದು ಪಂದ್ಯಗಳಲ್ಲಿ ಗೆದ್ದುದು ಹದಿನಾರು. ಡರ್ಬಿಗೆ ಮುಂಚೆ ಬಾಯಿಯಲ್ಲಿ ಕುರುವೆದ್ದು ಮೂರನೆಯದಾಗಿ ಬಂದಿತು. ಬೆಲ್‌ಮಾಂಟಿನ ಮಹಾವಿಜಯ ಕಳೆದು ಎರಡು ತಿಂಗಳಾಗುವ ಮೊದಲೇ ‘ಆನಿಯನ್’, ಅಂದರೆ ಈರುಳ್ಳಿ, ಎಂಬ ಹೆಸರಿನ ಸಾಧಾರಣ ಕುದುರೆಯ ಹಿಂದೆ ಬಂದಿತು! ಫ್ರಾಂಕೆಲ್ಲಿನ ಪಕ್ಷದವರು ಈ ಈರುಳ್ಳಿಯನ್ನು ಹೆಚ್ಚಿ ಕಣ್ಣೀರು ಬರಿಸದೆ ಬಿಡುವುದಿಲ್ಲ. ಇತ್ತ ಸೆಕ್ರೆಟೇರಿಯಟ್ ಪಕ್ಷದವರು, ತಮ್ಮ ಕುದುರೆ ಮಣ್ಣಿನ ಮೇಲೆ ಮಾತ್ರವಲ್ಲ, ಕೊನೆಯ ಎರಡು ಪಂದ್ಯಗಳಲ್ಲಿ ಹುಲ್ಲಿನ ಮೇಲೂ ಗೆದ್ದಿತು, ನಿಮ್ಮದು ಒಂದೇ ದೇಶದ ಒಂದೇ ಬಗೆಯ ನೆಲ ಬಿಟ್ಟು ಕದಲಿತೆ ಎಂದು ಮರುಪ್ರಶ್ನೆ ಹಾಕುತ್ತಾರೆ.

ಸೋಲಿಲ್ಲದಿರುವುದೇ ಹಿರಿಮೆಯಾದರೆ ಆಸ್ಟ್ರೇಲಿಯದ ಬ್ಲ್ಯಾಕ್ ಕೇವಿಯರ್ ಎಂಬ ಹೆಣ್ಣುಕುದುರೆಯ ಮುಂದೆ ಎಲ್ಲರೂ ತಲೆಬಾಗಬೇಕು: ಇಪ್ಪತ್ತೈದು ಓಟ, ಇಪ್ಪತ್ತೈದು ಗೆಲುವು. ೨೦೧೨ರಲ್ಲಿ ಅದನ್ನು ವಿಮಾನದಲ್ಲಿ ಇಂಗ್ಲೆಂಡಿಗೆ ತಂದಾಗ ಗೆಲುವು ಖಚಿತವೆಂದು ಜಾಕಿ ಲ್ಯೂಕ್ ನೋಲೆನ್ ಕೊನೆಯಲ್ಲಿ ಕೈ ಸಡಿಲಿಸಿದನು. ಮರುಕ್ಷಣ ಬೆಚ್ಚಿ ಮತ್ತೆ ದೂಡಿದನು. ತಲೆಯಷ್ಟು ಅಂತರದಲ್ಲಿ ಮಾನ ಉಳಿಯಿತು. ಅದು ಓಡಿದುದೆಲ್ಲ ಐದು, ಆರು, ಏಳು ಫರ್ಲಾಂಗಿನ ಕಿರಿದಾರಿಗಳನ್ನು. ಅದೇ ದೇಶದ ವಿಂಕ್ಸ್ ಆರಂಭದಲ್ಲಿ ಆರು ಬಾರಿ ಸೋತರೂ, ೨೦೧೫ರಿಂದ ೨೦೧೯ರವರೆಗೆ ಬಿಡದೆ ಮೂವತ್ತಮೂರು ಪಂದ್ಯಗಳನ್ನು ಗೆದ್ದಿತು. ಕಾಕ್ಸ್ ಪ್ಲೇಟ್ ಎಂಬ ಮಹಾಪಂದ್ಯವನ್ನು ನಾಲ್ಕು ವರ್ಷ ಸಾಲಾಗಿ ಗೆದ್ದಿತು. ಋತುಗಳು ಬದಲಾದರೂ ಬದಲಾಗದ ಈ ತಾಳಿಕೆಗೆ ವಿಮರ್ಶಕರು ತಕ್ಕಷ್ಟು ಬೆಲೆ ಕೊಟ್ಟಿಲ್ಲ. ಇದಕ್ಕೆ ವ್ಯತಿರಿಕ್ತವಾಗಿ ಅಮೆರಿಕದ ಫ್ಲೈಟ್‌ಲೈನ್ ಓಡಿದುದು ಆರೇ ಪಂದ್ಯ. ಆರನ್ನೂ ಗೆದ್ದಿತು, ೨೦೨೨ರಲ್ಲಿ ಒಂದನ್ನು ಹತ್ತೊಂಬತ್ತು ಉದ್ದಕ್ಕೂ ಮೀರಿ ಗೆದ್ದು ಫ್ರಾಂಕೆಲ್ಲಿಗೆ ಸಮನಾಗಿ ೧೪೦ ಅಂಕ ಪಡೆಯಿತು. ಅಷ್ಟರಲ್ಲೇ ಅದನ್ನು ತಳಿಗೆ ಬಿಟ್ಟರು. ಅದೇ ನವೆಂಬರಿನಲ್ಲಿ ಅದರ ಒಡೆತನದ ನೂರಕ್ಕೆ ಎರಡೂವರೆ ಪಾಲು ೪೬ ಲಕ್ಷ ಡಾಲರಿಗೆ ಹರಾಜಾಯಿತೆಂದರೆ ಕಾರಣವನ್ನು ಬೇರೆ ಹೇಳಬೇಕಾಗಿಲ್ಲ. ಓಡಿ ಗೆಲ್ಲುವುದಕ್ಕಿಂತ ಓಡದೆ ಮರಿ ಹಾಕಿಸುವುದರಲ್ಲಿ ಲಾಭ ಹೆಚ್ಚಾದಾಗ ಕುದುರೆಯ ಹಿರಿಮೆ ಪ್ರಶ್ನೆಯಾಗಿಯೇ ಉಳಿಯುತ್ತದೆ.

ಈ ವಾದಗಳನ್ನು ಮೈದಾನದಲ್ಲೇ ಇತ್ಯರ್ಥ ಮಾಡಿಬಿಡೋಣವೆಂದು ಹೊರಟ ಒಂದು ದಿನವುಂಟು. ೧೯೭೫ರ ಜುಲೈ ೬, ಅದೇ ಬೆಲ್‌ಮಾಂಟ್. ರಫಿಯನ್ ಎಂಬ ಕಪ್ಪುಛಾಯೆಯ ಹೆಣ್ಣುಕುದುರೆ ಅದುವರೆಗೆ ಹತ್ತು ಪಂದ್ಯಗಳಲ್ಲಿ ಓಡಿ, ಹತ್ತರಲ್ಲಿಯೂ ಗೆದ್ದಿತ್ತು. ಯಾವ ಘಟ್ಟದಲ್ಲಿಯೂ ಇನ್ನೊಂದು ಕುದುರೆ ಅದಕ್ಕಿಂತ ಮುಂದಿದ್ದುದು ದಾಖಲೆಯಲ್ಲಿಲ್ಲ. ಆ ವರ್ಷದ ಕೆಂಟಕಿ ಡರ್ಬಿ ಗೆದ್ದ ಫೂಲಿಷ್ ಪ್ಲೆಷರ್ ಎಂಬ ಗಂಡುಕುದುರೆಯೊಂದಿಗೆ ಅದನ್ನು ಜೋಡಿ ಕಟ್ಟಿದರು. ಹೆಣ್ಣು ಹೆಚ್ಚೋ ಗಂಡು ಹೆಚ್ಚೋ ಎಂದು ಪತ್ರಿಕೆಗಳು ತಮಟೆ ಬಾರಿಸಿದುವು. ಎರಡು ಕುದುರೆಗಳಿಗೂ ಸವಾರನಾಗಿದ್ದ ಜಸಿಂಟೊ ವಾಸ್ಕೆಸ್ ಎರಡರಲ್ಲೊಂದನ್ನು ಆರಿಸಬೇಕಾಗಿ ಬಂದಾಗ ರಫಿಯನ್ನನ್ನು ಆರಿಸಿಕೊಂಡನು. ಸುಮಾರು ಐವತ್ತು ಸಾವಿರ ಜನ ನೋಡುತ್ತಿದ್ದರು. ಅರ್ಧ ಮೈಲಿ ಕಳೆಯುವ ಮೊದಲೇ, ತುಸು ಮುಂದಿದ್ದ ರಫಿಯನ್ನಿನ ಬಲಗಾಲಿನ ಗೆಣ್ಣಿನ ಎಲುಬು ಮುರಿಯಿತು. ಸವಾರ ಲಗಾಮು ಎಳೆದರೂ ಅದು ನಿಲ್ಲಲೊಲ್ಲದು. ಮುರಿದ ಕಾಲಿನ ಮೇಲೆಯೇ ಓಡಲು ಹವಣಿಸಿತು. ರಾತ್ರಿ ಶಸ್ತ್ರಚಿಕಿತ್ಸೆ ನಡೆಯಿತು. ಮದ್ದಿನ ಅಮಲು ಇಳಿದು ಎಚ್ಚರವಾಗುತ್ತಲೇ, ಮಲಗಿದಲ್ಲಿಯೇ ಓಡುವಂತೆ ಕಾಲುಗಳನ್ನು ಬೀಸಿ ಕಟ್ಟನ್ನು ಒಡೆದುಕೊಂಡಿತು. ಉಳಿಸುವುದು ಅಸಾಧ್ಯವಾಗಿ, ಬೆಳಗಾಗುವ ಮೊದಲೇ ವೈದ್ಯರು ಅದಕ್ಕೆ ಮುಕ್ತಿ ಕೊಟ್ಟರು. ಅದು ಓಡಿದ ಮೈದಾನದ ನಡುವೆಯೇ ಹೂಳಿದರು. ಹೆಣ್ಣು ಹೆಚ್ಚೋ ಗಂಡು ಹೆಚ್ಚೋ ಎಂದು ಮರುದಿನ ಯಾರೂ ಕೇಳಲಿಲ್ಲ.

ಕುದುರೆಗಳನ್ನು ಎದುರುಬದುರು ನಿಲ್ಲಿಸಿ ತೀರ್ಪು ಪಡೆಯುವ ಹಂಬಲ ಆ ಬಳಿಕ ತಗ್ಗಿತು. ಬೇರೆಬೇರೆ ಕಾಲದವನ್ನಂತೂ ನಿಲ್ಲಿಸುವಂತೆಯೇ ಇಲ್ಲ. ಆದರೂ ಒಂದು ಮಾತನ್ನು ಧೈರ್ಯವಾಗಿ ಹೇಳಬಹುದು. ಎರಡನೆಯ ವಯಸ್ಸಿನಿಂದ ನಾಲ್ಕನೆಯ ವಯಸ್ಸಿನವರೆಗೆ ಒಂದು ದಿನವೂ ಕುಂದದ ಒಟ್ಟು ಸಾಧನೆಯನ್ನು ನೋಡಿದರೆ ಫ್ರಾಂಕೆಲ್ಲಿಗೆ ಸಮನಾದುದು ಸಿಕ್ಕುವುದಿಲ್ಲ. ಒಂದೇ ಒಂದು ಓಟವನ್ನು ಆರಿಸಿ ತೋರಿಸೆಂದರೆ ೧೯೭೩ರ ಬೆಲ್‌ಮಾಂಟಿಗೆ ಸಮನಾದುದು ಸಿಕ್ಕುವುದಿಲ್ಲ. ಎರಡರಲ್ಲಿ ಯಾವುದಕ್ಕೆ ತೂಕ ಹೆಚ್ಚೆಂದು ಒತ್ತಾಯಿಸಿ ಕೇಳಿದರೆ, ತಕ್ಕಡಿ ಕೂದಲೆಳೆಯಷ್ಟು ಬೆಲ್‌ಮಾಂಟಿನ ಕಡೆಗೇ ವಾಲುತ್ತದೆ. ಫ್ರಾಂಕೆಲ್ ಇತರ ಕುದುರೆಗಳನ್ನು ಸೋಲಿಸಿತು. ಸೆಕ್ರೆಟೇರಿಯಟ್ ಅಂದು ಸೋಲಿಸಲು ಯಾರೂ ಉಳಿಯದ ಮೇಲೂ ಓಡಿತು.

ಸಂತತಿಯ ಲೆಕ್ಕದಲ್ಲಿ ಫ್ರಾಂಕೆಲ್ಲೇ ಮುಂದು. ತಾನು ಓಡದ ಎಪ್ಸಮ್ ಡರ್ಬಿಯನ್ನು ೨೦೨೧ರಲ್ಲಿ ಅದರ ಮಗ ಅದಾಯರ್ ಗೆದ್ದಿತು. ಸೆಕ್ರೆಟೇರಿಯಟ್ಟಿನ ಗಂಡುಮಕ್ಕಳಿಂದ ನಿರೀಕ್ಷಿಸಿದಷ್ಟು ಕೀರ್ತಿ ಬರಲಿಲ್ಲ; ಹೆಣ್ಣುಮಕ್ಕಳ ಹೊಟ್ಟೆಯಲ್ಲಿ ಮಾತ್ರ ವಂಶ ಬೆಳಗಿತು. ಅದರ ಮಗಳ ಮಗ ಎ. ಪಿ. ಇಂಡಿ; ಆ ಕವಲಿನಲ್ಲೇ ಇಳಿದು ಬಂದುದು ಫ್ಲೈಟ್‌ಲೈನ್.

೧೯೮೯ರ ಅಕ್ಟೋಬರ್ ೪ರಂದು, ಗೊರಸಿನೊಳಗೆ ಉರಿಯೂತವೇರುವ ಲ್ಯಾಮಿನೈಟಿಸ್ ಎಂಬ ರೋಗದಿಂದ ನರಳುತ್ತಿದ್ದ ಸೆಕ್ರೆಟೇರಿಯಟ್ಟಿಗೆ ಕೆಂಟಕಿಯ ಕ್ಲೇಬೋರ್ನ್ ತೋಟದಲ್ಲಿ ಶಾಂತಿಯ ಸಾವು ಕೊಡಲಾಯಿತು. ಬ್ಲ್ಯಾಕ್ ಕೇವಿಯರನ್ನು ೨೦೨೪ರ ಆಗಸ್ಟ್‌ನಲ್ಲಿ ಒಯ್ದುದೂ ಇದೇ ಗೊರಸಿನ ರೋಗ. ಪಂದ್ಯದ ಕುದುರೆ ಸತ್ತರೆ ತಲೆ, ಹೃದಯ, ಗೊರಸುಗಳನ್ನು ಮಾತ್ರ ಹೂಳುವುದು ಅಲ್ಲಿಯ ವಾಡಿಕೆ. ಇದನ್ನು ಇಡಿಯಾಗಿ ಹೂಳಿದರು. ಶವಪರೀಕ್ಷೆ ಮಾಡಿದ ವೈದ್ಯನು ಹೃದಯವನ್ನು ಕಂಡು ಬೆರಗಾದನು. ಇಂಥ ಕುದುರೆಗೆ ಸಾಮಾನ್ಯವಾಗಿ ಇರುವುದು ಎಂಟೊಂಬತ್ತು ಪೌಂಡಿನ ಹೃದಯ. ಇದು ಅದಕ್ಕಿಂತ ಎರಡು ಪಟ್ಟಿಗೂ ಮಿಗಿಲಾಗಿತ್ತು, ಯಾವ ದೋಷವೂ ಇರಲಿಲ್ಲ. ಆದರೆ ಅವನು ಅದನ್ನು ತೂಗಲಿಲ್ಲ. ನಾಲ್ಕು ವರ್ಷಗಳ ಮೇಲೆ ಶಾಮ್ ಸತ್ತಾಗ ಅದರ ಹೃದಯವನ್ನು ಅವನೇ ತಕ್ಕಡಿಗೆ ಹಾಕಿದನು: ೧೮ ಪೌಂಡು. ಡರ್ಬಿಯಲ್ಲಿ ಎರಡೂವರೆ ಉದ್ದ, ಪ್ರೀಕ್‌ನೆಸ್ಸಿನಲ್ಲಿ ಎರಡೂವರೆ ಉದ್ದ ಹಿಂದೆ ಬಂದು, ಬೆಲ್‌ಮಾಂಟಿನಲ್ಲಿ ಮುರಿದುಬಿದ್ದು, ಆ ಬೇಸಗೆ ಕಳೆಯುವ ಮುನ್ನವೇ ಕಾಲುನೋವಿನಿಂದ ಓಟ ಬಿಟ್ಟ ಕುದುರೆಯ ಹೃದಯವದು. ಅದನ್ನು ಕೈಯಲ್ಲಿ ಹಿಡಿದ ಮೇಲೆ, ಹಿಂದೆ ಕಂಡಿದ್ದ ಇನ್ನೊಂದನ್ನು ನೆನಪಿಗೆ ತಂದುಕೊಂಡು, ಅದು ೨೨ ಪೌಂಡು ಇದ್ದಿರಬೇಕೆಂದು ಅಂದಾಜು ಹೇಳಿದನು.